ಪತ್ತನಾಜೆಯ ಮರುದಿನ

ಬೆಂಗಳೂರಿನವರಿಗೆ ಮಳೆಗಾಲವೆಂದರೆ ಯಕ್ಷಗಾನದ ಕಾಲ. ಕರಾವಳಿಯಲ್ಲಿ ಬಯಲೆಲ್ಲ ನೀರಾಗಿ ರಂಗಸ್ಥಳ ಕಟ್ಟುವಂತಿಲ್ಲದ ತಿಂಗಳುಗಳಲ್ಲಿ ಹೆಸರುವಾಸಿಯಾದ ಕಲಾವಿದರು ಘಟ್ಟ ಹತ್ತಿ ಬರುತ್ತಾರೆ. ರವೀಂದ್ರ ಕಲಾಕ್ಷೇತ್ರದಲ್ಲಿಯೋ, ಯಾವುದಾದರೊಂದು ಬಡಾವಣೆಯ ಸಭಾಭವನದಲ್ಲಿಯೋ ಟಿಕೆಟು ಕೊಂಡು, ಮಕ್ಕಳನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು, ಕೇದಗೆ ಮುಂದಲೆಯ ಅಭಿಮನ್ಯು ಮಂಡಿಯೂರಿ ಗಿರ್ರನೆ ಸುತ್ತುವುದನ್ನು ಕಂಡು ಬೆರಗಾದ ಸಂಸಾರಗಳು ವಾಚಕರಲ್ಲಿ ಅನೇಕವಿರಬೇಕು. ಮಗನ ಮನೆಗೆ ಹೋದಾಗಲೆಲ್ಲ ನಾನೂ ಆ ಸಭೆಯಲ್ಲಿ ಕುಳಿತಿದ್ದೇನೆ. ಆಟ ಮುಗಿದ ಮೇಲೆ ನೆರೆಯವರು ಕಲೆಯ ವಿಷಯವಾಗಿ ಎಷ್ಟೋ ಪ್ರಶ್ನೆ ಕೇಳುವರು. ಕಿರೀಟ ಯಾವ ಮರದ್ದು, ಬಣ್ಣ ಬರೆಯಲು ಎಷ್ಟು ಹೊತ್ತು ಬೇಕು ಎಂದು. ಘಟ್ಟ ಹತ್ತಿ ಬರುವ ಭಾಗ್ಯವಿಲ್ಲದ ಉಳಿದ ಕಲಾವಿದರು ಈ ತಿಂಗಳುಗಳಲ್ಲಿ ಏನು ಮಾಡುತ್ತಿರುವರೆಂದು ಕೇಳಿದವರನ್ನು ನಾನು ಇನ್ನೂ ಕಂಡಿಲ್ಲ.

ತುಳುವರ ಲೆಕ್ಕದಲ್ಲಿ ಬೇಷ ತಿಂಗಳ ಹತ್ತನೆಯ ದಿನಕ್ಕೆ ಪತ್ತನಾಜೆ ಎಂದು ಹೆಸರು. ಇಂಗ್ಲಿಷು ಲೆಕ್ಕದಲ್ಲಿ ಅದು ಮೇ 24-25ರ ಸುಮಾರಿಗೆ ಬೀಳುತ್ತದೆ. ಆ ಹೊತ್ತಿಗೆ ದೇವಸ್ಥಾನಗಳ ಉತ್ಸವಗಳು ಮುಗಿದು, ಮೇಳಗಳವರು ದೇವರ ಸನ್ನಿಧಿಯಲ್ಲಿ ಕಾಲಿನ ಗೆಜ್ಜೆ ಬಿಚ್ಚುತ್ತಾರೆ. ಮತ್ತೆ ಗೆಜ್ಜೆ ಕಟ್ಟುವುದು ದೀಪಾವಳಿ ಕಳೆದ ಮೇಲೆ, ನವೆಂಬರಿನ ಸುಮಾರಿಗೆ. ಆರು ತಿಂಗಳ ಕಾಲ ದಿನಕ್ಕೊಂದು ಊರು, ರಾತ್ರಿಗೊಂದು ರಾಜ್ಯ. ಮುಂದಿನ ಆರು ತಿಂಗಳು ರಾಜ್ಯವೂ ಇಲ್ಲ, ಸಂಬಳವೂ ಇಲ್ಲ. ಮಂದಾರ್ತಿ, ಕಟೀಲುಗಳಂಥ ಕ್ಷೇತ್ರಗಳಲ್ಲಿ ಹರಕೆಯ ಆಟವಾಡಿಸಬೇಕೆಂದರೆ ಭಕ್ತರು ವರ್ಷಗಟ್ಟಲೆ ಸರದಿ ಕಾಯಬೇಕು. ಆಟಕ್ಕೆ ಅಷ್ಟು ಬೇಡಿಕೆಯಿದ್ದೂ ಆಡುವವನ ಪಾಲಿಗೆ ಅರ್ಧ ವರ್ಷ ಬರಿದು.

ಹಿಂದೆ ಇದಕ್ಕೊಂದು ಉಪಾಯವಿತ್ತು. ಮಳೆಗಾಲದಲ್ಲಿ ಮೇಳದ ಯಜಮಾನರ ಮನೆಗೆ ಹೋಗಿ ಮುಂಗಡ ತರುವುದು; ತಿರುಗಾಟ ಆರಂಭವಾದ ಮೇಲೆ ಕುಣಿದು ತೀರಿಸುವುದು. ತೀರುವಷ್ಟರಲ್ಲಿ ಮತ್ತೊಂದು ಮಳೆಗಾಲ. ಈಗಲೂ ಕೆಲವರು ಗದ್ದೆಯ ಕೆಲಸಕ್ಕೋ, ಹೋಟೆಲಿಗೋ ಹೋಗುತ್ತಾರೆ. ಇನ್ನು ಕೆಲವರು ಚಿಕ್ಕಮೇಳ ಕಟ್ಟುತ್ತಾರೆ: ಒಬ್ಬ ಭಾಗವತ, ಚೆಂಡೆ ಮದ್ದಳೆಯವರು, ಇಬ್ಬರು ವೇಷಧಾರಿಗಳು. ದೀಪ ಹಚ್ಚುವ ಹೊತ್ತಿಗೆ ಹೊರಟು ಮನೆ ಮನೆಯ ಚಾವಡಿಯಲ್ಲಿ ಒಂದು ಕಾಲುಗಂಟೆ ಕೃಷ್ಣನನ್ನೋ ದೇವಿಯನ್ನೋ ಕುಣಿಸಿ, ದೀಪದ ಮುಂದಿಟ್ಟ ಅಕ್ಕಿ, ತೆಂಗಿನಕಾಯಿ, ಕಾಣಿಕೆಗಳನ್ನು ತೆಗೆದುಕೊಂಡು ಮುಂದಿನ ಮನೆಗೆ ನಡೆಯುತ್ತಾರೆ. ಇದು ಬೇಡುವುದಲ್ಲವೆ ಎಂದು ಮೂಗು ಮುರಿಯುವವರು ನಮ್ಮೂರಿನಲ್ಲಿಯೂ ಇದ್ದಾರೆ. ನನಗೆ ಹಾಗೆ ತೋರದು. ಮಳೆಯಲ್ಲಿ ನೆನೆದು ಬಂದು, ಕುಣಿದು, ಪಡೆದುಕೊಂಡು ಹೋಗುವವನು ಬೇಡುವವನಾದರೆ, ಮೂವತ್ತೈದು ವರ್ಷ ಲೆಕ್ಕ ಕಲಿಸಿ ತಿಂಗಳ ಮೊದಲ ದಿನ ಸಂಬಳಕ್ಕೆ ಸಹಿ ಹಾಕಿದ ನಾನೂ ಬೇಡುವವನೇ.

ಲೆಕ್ಕದ ಮೇಷ್ಟರಾಗಿದ್ದುದೇ ನಾನು ಈ ವ್ಯವಹಾರದಲ್ಲಿ ಸಿಕ್ಕಿಕೊಳ್ಳಲು ಕಾರಣವಾಯಿತು. ಉಡುಪಿಗೂ ಕುಂದಾಪುರಕ್ಕೂ ನಡುವಿನ ನಮ್ಮ ಪೇಟೆಯಲ್ಲಿ ಯಕ್ಷಗಾನದ ಕಲಾವಿದರ ನೆರವಿಗೆಂದೇ ಒಂದು ಸಣ್ಣ ಸಂಘವಿದೆ. ನಿವೃತ್ತನಾದ ತಿಂಗಳಿನಲ್ಲಿಯೇ ಅದರ ನಾಲ್ವರು ನಮ್ಮ ಜಗಲಿಗೆ ಬಂದು, ಕಾಫಿ ಕುಡಿದು, ಏಳುವಾಗ ಒಂದು ರಸೀದಿ ಪುಸ್ತಕವನ್ನು ಕುರ್ಚಿಯ ಮೇಲೆ ಬಿಟ್ಟುಹೋದರು. ಮರೆತು ಹೋದರೆಂದು ನಾನು ಹಿಂದೆಯೇ ಓಡಿದೆ. ಮರೆತುದಲ್ಲ, ನಾನು ಖಜಾಂಚಿಯಾಗಿದ್ದೆ.

ಸಂಘಕ್ಕೆ ಸ್ವಂತ ಕಟ್ಟಡವಿಲ್ಲ. ಒಬ್ಬರ ಔಷಧದಂಗಡಿಯ ಮಾಳಿಗೆಯಲ್ಲಿ ಒಂದು ತಗಡಿನ ಪೆಟ್ಟಿಗೆಯಿದೆ, ಅದೇ ಕಚೇರಿ. ಅಧ್ಯಕ್ಷರು ಆ ಅಂಗಡಿಯವರೇ. ಕಾರ್ಯದರ್ಶಿಗಳು ಅಂಚೆ ಕಚೇರಿಯಲ್ಲಿದ್ದು ನಿವೃತ್ತರಾದವರು. ಇನ್ನೊಬ್ಬರು ದರ್ಜಿ, ವೇಷದ ಬಟ್ಟೆಗಳನ್ನು ಹೊಲಿದು ಹೊಲಿದು ಕಲಾವಿದರ ಸೊಂಟದ ಅಳತೆಯಿಂದ ಹಿಡಿದು ಸಾಲದ ಅಳತೆಯವರೆಗೆ ಎಲ್ಲವನ್ನೂ ಬಲ್ಲವರು. ಯಾರಿಗೂ ಒಂದು ಕಾಸಿನ ಸಂಭಾವನೆಯಿಲ್ಲ. ಸಭೆಯ ಚಹಾದ ಖರ್ಚನ್ನು ಕೂಡ ಸರದಿಯ ಮೇಲೆ ಹೊರುತ್ತೇವೆ. ಹಾಗೆಂದು ಕಾನೂನು ನಮ್ಮನ್ನು ಸಣ್ಣವರೆಂದು ಬಿಡುತ್ತದೆಯೆ? 1960ರ ಸಂಘಗಳ ನೋಂದಣಿ ಅಧಿನಿಯಮದ ಪ್ರಕಾರ ವರ್ಷಾವರಿ ಸಭೆ, ಲೆಕ್ಕಪರಿಶೋಧನೆ, ನೋಂದಣಾಧಿಕಾರಿಗಳಿಗೆ ಪಟ್ಟಿ ಒಪ್ಪಿಸುವುದು ಎಲ್ಲವೂ ಆಗಲೇಬೇಕು. ಧರ್ಮಕಾರ್ಯವೆಂದರೆ ಮುಕ್ಕಾಲು ಪಾಲು ಕಾಗದವೆಂಬುದು ಖಜಾಂಚಿಯಾಗುವವರೆಗೆ ನನಗೆ ತಿಳಿದಿರಲಿಲ್ಲ.

ನಮ್ಮ ಕಣ್ಣೆದುರಿಗಿರುವ ಮಾದರಿ ಉಡುಪಿಯ ಯಕ್ಷಗಾನ ಕಲಾರಂಗ. 1975ರಲ್ಲಿ ಹುಟ್ಟಿದ ಆ ಸಂಸ್ಥೆ ಆಟಗಳನ್ನು ಆಡಿಸಿ, ಪ್ರಶಸ್ತಿ ಕೊಟ್ಟು, ಅಲ್ಲಿಗೆ ನಿಲ್ಲಲಿಲ್ಲ. ‘ಯಕ್ಷನಿಧಿ’ ಎಂದು ಕಲಾವಿದರ ಕ್ಷೇಮಕ್ಕಾಗಿಯೇ ಒಂದು ನಿಧಿ ಮಾಡಿತು. ‘ವಿದ್ಯಾಪೋಷಕ್’ ಎಂಬ ಹೆಸರಿನಲ್ಲಿ ಬಡ ವಿದ್ಯಾರ್ಥಿಗಳ ಓದಿಗೆ ನೆರವಾಯಿತು. ಅರ್ಜಿ ಹಾಕಿದ ಹುಡುಗನ ಮನೆಗೆ ಕಾರ್ಯಕರ್ತರೇ ಹೋಗಿ ನೋಡಿ ಬರುತ್ತಾರೆ. ಗುಡ್ಡ ಹತ್ತಿ ಮನೆಯೊಳಗೆ ಕಾಲಿಟ್ಟವರಿಗೆ, ಅರ್ಜಿಯಲ್ಲಿ ಬರೆಯದ ಸಂಗತಿಗಳೂ ಕಾಣುತ್ತವೆ: ಸೋರುವ ಮಾಡು, ದೀಪವಿಲ್ಲದ ಕೋಣೆ. ಮನೆ ಕಟ್ಟಿಸಿಕೊಡುವ ಕೆಲಸಕ್ಕೂ ಅವರು ಕೈಹಾಕಿದರು. ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಾಗ ಈ ಕಲೆಗೆ ವಿದ್ವಾಂಸರ ಸಭೆಯಲ್ಲಿ ಪೀಠ ದೊರೆಯಿತು. ಕಲಾವಿದನ ಅಡಿಗೆಮನೆಗೆ ಇಣಿಕಿ ನೋಡುವವರು ಮಾತ್ರ ಬೇರೆಯೇ ಬೇಕಾಗಿದ್ದರು.

ನಮ್ಮ ಶಕ್ತಿ ಅಷ್ಟಿಲ್ಲ. ನಾವು ಮಾಡುವುದು ಮುಖ್ಯವಾಗಿ ಎರಡು ಕೆಲಸ: ಮಳೆಗಾಲದಲ್ಲಿ ತೀರ ಕಷ್ಟದಲ್ಲಿರುವವರಿಗೆ ಒಂದಿಷ್ಟು ಹಣ, ಮತ್ತೆ, ವಿಮೆ. ಈ ಎರಡನೆಯದರ ಬೆಲೆಯನ್ನು ಹೇಳಲು 1990ನ್ನು ನೆನೆದರೆ ಸಾಕು. ಬಡಗುತಿಟ್ಟಿನ ಭಾಗವತಿಕೆಗೆ ಹೊಸ ಕಂಠವಿತ್ತ ಕಾಳಿಂಗ ನಾವಡರು ಆ ವರ್ಷ ರಸ್ತೆಯ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಮೂವತ್ತು ದಾಟಿ ಹೆಚ್ಚು ಕಾಲವಾಗಿರಲಿಲ್ಲ. ರಾತ್ರಿಯೆಲ್ಲ ಕುಣಿದು ಬೆಳಗಿನ ಜಾವ ದ್ವಿಚಕ್ರದ ಮೇಲೆ ಮನೆಗೆ ಹೊರಡುವ ಕಲಾವಿದನನ್ನು ಕಂಡಾಗಲೆಲ್ಲ ಕರಾವಳಿಯ ಜನರ ಎದೆ ಇಂದಿಗೂ ಒಮ್ಮೆ ಹೊಡೆದುಕೊಳ್ಳುತ್ತದೆ.

ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ವರ್ಷಕ್ಕೆ 20 ರೂಪಾಯಿ ಕಟ್ಟಿದರೆ, ಅಪಘಾತದಲ್ಲಿ ಸತ್ತವನ ಮನೆಗೆ 2 ಲಕ್ಷ ರೂಪಾಯಿ ಬರುತ್ತದೆ. ಜೀವನ ಜ್ಯೋತಿಗೆ 436 ರೂಪಾಯಿ. ಅದು ಯಾವ ಕಾರಣದ ಸಾವಿಗೂ ಸಲ್ಲುತ್ತದೆ, ಆದರೆ ಐವತ್ತು ದಾಟಿದವರನ್ನು ಹೊಸದಾಗಿ ಸೇರಿಸಿಕೊಳ್ಳುವುದಿಲ್ಲ. ಹೇಳಲು ಇಷ್ಟು ಸುಲಭ. ಈ ವಿಮೆಗಳ ವರ್ಷ ಜೂನ್ 1ಕ್ಕೆ ತೊಡಗುವುದರಿಂದ ಬ್ಯಾಂಕಿನವರು ಖಾತೆಯಿಂದ ಹಣ ಮುರಿದುಕೊಳ್ಳುವುದು ಮೇ ತಿಂಗಳ ಕೊನೆಗೆ, ಎಂದರೆ ಪತ್ತನಾಜೆಯ ಬೆನ್ನಿಗೇ. ಕಡೆಯ ಸಂಬಳ ಹಳೆಯ ಸಾಲಕ್ಕೆ, ಮಕ್ಕಳ ಶಾಲೆಯ ಪುಸ್ತಕಕ್ಕೆ ಹೋಗಿ ಖಾತೆ ಖಾಲಿಯಾಗಿರುವ ವಾರ ಅದು. ಹಣವಿಲ್ಲದಿದ್ದರೆ ವಿಮೆ ನಿಂತಿತು. ಆದುದರಿಂದ ಮೇ ತಿಂಗಳ ಕೊನೆಯ ಹತ್ತು ದಿನ ನಾನೂ ಕಾರ್ಯದರ್ಶಿಗಳೂ ಪಟ್ಟಿ ಹಿಡಿದುಕೊಂಡು, ಯಾರ ಖಾತೆಯಲ್ಲಿ ಆ ಮೊತ್ತ ಉಳಿದಿದೆ, ಯಾರದರಲ್ಲಿ ಇಲ್ಲ ಎಂದು ವಿಚಾರಿಸುತ್ತ ಅಲೆಯುತ್ತೇವೆ. ಮಹಿಷಾಸುರನ ವೇಷದಲ್ಲಿ ಬೆಂಕಿಯ ನಡುವೆ ಅಬ್ಬರಿಸಿ ಬರುವವರು, ಫೋನಿನಲ್ಲಿ ‘ಇಪ್ಪತ್ತು ರೂಪಾಯಿ ಇರಬಹುದು ಮಾಸ್ಟ್ರೇ’ ಎಂದು ಸಣ್ಣ ಧ್ವನಿಯಲ್ಲಿ ಹೇಳುವುದನ್ನು ಕೇಳಿ ನನಗೆ ಅಭ್ಯಾಸವಾಗಿಲ್ಲ.

ಹಣ ಕೂಡಿಸುವುದು ಕಷ್ಟವೆಂದು ನೀವು ಊಹಿಸಿರಬಹುದು. ಅದಕ್ಕಿಂತ ಕಷ್ಟವಾದುದು ಕೊಡುವುದು. ಕೆಲವು ವರ್ಷಗಳ ಹಿಂದೆ ಪರಊರಿನ ದಾನಿಗಳೊಬ್ಬರು ದೊಡ್ಡ ಮೊತ್ತವನ್ನೇ ಕೊಡಲು ಒಪ್ಪಿದರು. ಕಲಾವಿದರನ್ನು ಸಾಲಾಗಿ ವೇದಿಕೆಗೆ ಕರೆದು ಲಕೋಟೆ ಕೊಡಬೇಕು, ಭಾವಚಿತ್ರ ತೆಗೆಸಬೇಕು, ಹಿಂದೆ ತಮ್ಮ ಹೆಸರಿನ ಬಟ್ಟೆ ಕಟ್ಟಿರಬೇಕು, ಇಷ್ಟೇ ಅವರ ಅಪೇಕ್ಷೆ. ನಮ್ಮ ಸಮಿತಿಯಲ್ಲಿ ಅಂದು ನಡೆದ ವಾದವನ್ನು ಯಾವ ತಾಳಮದ್ದಳೆಯಲ್ಲಿಯೂ ನಾನು ಕೇಳಿಲ್ಲ. ಚಿತ್ರವಿಲ್ಲದಿದ್ದರೆ ಬರುವ ವರ್ಷ ಹಣವೂ ಇಲ್ಲವೆಂದರು ದರ್ಜಿಗಳು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಪೆಟ್ಟಿಗೆಯಲ್ಲಿ ಆಗ ಇದ್ದುದೆಷ್ಟೆಂದು ನನಗೇ ಗೊತ್ತಿತ್ತು.

ಆ ಪಟ್ಟಿಯಲ್ಲಿ ಒಬ್ಬ ಹಿರಿಯ ಸ್ತ್ರೀವೇಷಧಾರಿಗಳಿದ್ದರು. ನಾನು ಹೈಸ್ಕೂಲಿನಲ್ಲಿದ್ದಾಗ ಅವರ ದಮಯಂತಿಯನ್ನು ನೋಡಿ, ನಮ್ಮ ತಾಯಿ ಸೆರಗಿನಿಂದ ಕಣ್ಣೊರಸಿಕೊಂಡಿದ್ದರು. ಈಗ ಅವರಿಗೆ ಮೊಣಕಾಲು ಬಗ್ಗದು, ಒಬ್ಬಂಟಿ. ವಿಷಯ ತಿಳಿಸಲು ಹೋದ ನನ್ನನ್ನು ಚಾಪೆಯ ಮೇಲೆ ಕುಳ್ಳಿರಿಸಿ, ಬೆಲ್ಲ ನೀರು ಕೊಟ್ಟು, ಎಲ್ಲವನ್ನೂ ಕೇಳಿ, “ಹ್ವಾಯ್ ಮಾಸ್ಟ್ರೇ, ಕೊಡುದಾದ್ರೆ ಕೊಡಿ. ಚಿತ್ರ ಯಂತಕೆ?” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಶಾಲು ಹಾಕುದಾದ್ರೆ ಹಾಕಿ, ಬತ್ತೆ. ಅದ್ ಕುಣ್ದದ್ದಕ್ಕೆ. ಇದ್ ಹಸುವಿಗೆ. ಎರಡನ್ನೂ ಒಂದೇ ಹರಿವಾಣದಲ್ಲಿ ಇಡ್ಬೇಡಿ” ಎಂದರು.

ಸಮಿತಿಗೆ ನಾನು ಹೇಳಿದುದು ಇಷ್ಟೇ, ಅವರ ಮಾತನ್ನೇ. ಅಂದಿನಿಂದ ನಮ್ಮಲ್ಲಿ ಸನ್ಮಾನ ಬೇರೆ, ನೆರವು ಬೇರೆ. ಸನ್ಮಾನಕ್ಕೆ ವೇದಿಕೆ, ಹಾರ, ಭಾಷಣ ಎಲ್ಲವೂ ಉಂಟು. ಅದಕ್ಕೆ ಆರಿಸುವಾಗ ಬಡತನವನ್ನು ಕೇಳುವುದಿಲ್ಲ. ನೆರವು ನೇರವಾಗಿ ಬ್ಯಾಂಕಿನ ಖಾತೆಗೆ ಹೋಗುತ್ತದೆ. ಲೆಕ್ಕಪರಿಶೋಧಕರಿಗೆ ಹೆಸರುಗಳು ಬೇಕು, ಆದುದರಿಂದ ಪುಸ್ತಕದಲ್ಲಿ ಹೆಸರಿದೆ; ಪುಸ್ತಕಕ್ಕೆ ಬೀಗವಿದೆ; ಕೀಲಿಕೈ ನನ್ನಾಕೆಯ ಸಾಸಿವೆ ಡಬ್ಬಿಯಲ್ಲಿದೆ. ಆ ದಾನಿಗಳು ಮತ್ತೆ ನಮಗೆ ಬರೆಯಲಿಲ್ಲ. ಆ ವರ್ಷ ಕೊಡಬೇಕೆಂದಿದ್ದ ಮೊತ್ತದ ಅರ್ಧವನ್ನು ಕೂಡ ಕೊಡಲಾಗಲಿಲ್ಲವೆಂಬುದನ್ನು ಮುಚ್ಚಿಡುವುದಿಲ್ಲ. ದರ್ಜಿಗಳು ಈಗಲೂ ಆಗಾಗ ಅದನ್ನೆತ್ತಿ ಆಡುವರು. ಅವರ ಬಾಯಿಗೆ ನನ್ನಲ್ಲಿ ಉತ್ತರವಿಲ್ಲ.

ಆ ಹಿರಿಯರಿಂದ ಇನ್ನೊಂದು ಉಪಕಾರವಾಯಿತು. ನಮ್ಮ ಪಟ್ಟಿಯನ್ನು ಓದಿಸಿ ಕೇಳಿ, “ಇದ್ರಲ್ಲಿ ಎಲ್ಲ ರಾಜರೇ ಇದ್ರಲ್ಲೆ, ಪೆಟ್ಟಿಗೆ ಹೊರುವವ ಎಲ್ಲಿ?” ಎಂದರು. ಮೇಳವೆಂದರೆ ಬರಿಯ ಹಿಮ್ಮೇಳ ಮುಮ್ಮೇಳಗಳಲ್ಲ. ಚೌಕಿಯಲ್ಲಿ ವೇಷ ಕಟ್ಟಿಕೊಡುವವರು, ದೀಪದವರು, ಅಡಿಗೆಯವರು, ವೇಷದ ಪೆಟ್ಟಿಗೆಗಳನ್ನು ಏರಿಸಿ ಇಳಿಸುವವರು ಎಲ್ಲರಿಗೂ ಪತ್ತನಾಜೆ ಒಂದೇ ದಿನ ಬರುತ್ತದೆ. ಚಪ್ಪಾಳೆಯೂ ಕಾಣದ, ಶಾಲೂ ಸಿಕ್ಕದ ಆ ಜನರ ಹೆಸರುಗಳನ್ನು ಅವರೇ ಒಂದೊಂದಾಗಿ ಹೇಳಿ ಬರೆಸಿದರು.

ಈ ಪಟ್ಟಿಯ ಬೆಲೆ ತಿಳಿದದ್ದು 2020ರಲ್ಲಿ. ಮಾರ್ಚಿ ತಿಂಗಳಿನಲ್ಲಿ ಕೊರೋನಾದ ದಿಗ್ಬಂಧನ ಬಂದಾಗ ಮೇಳಗಳು ನಡುದಾರಿಯಲ್ಲಿಯೇ ಗೆಜ್ಜೆ ಬಿಚ್ಚಿದವು. ಪತ್ತನಾಜೆ ಎರಡು ತಿಂಗಳು ಮೊದಲೇ ಬಂದಂತಾಯಿತು; ಮುಂದಿನ ವರ್ಷವೂ ತಿರುಗಾಟ ಅರ್ಧಕ್ಕೆ ಕಡಿದುಹೋಯಿತು. ಊರೂರಿನ ಸಂಘಗಳು, ಮುಂಬಯಿ ಬೆಂಗಳೂರುಗಳ ಕಲಾಭಿಮಾನಿಗಳು ಕೈಯಲ್ಲಾದುದನ್ನು ಮಾಡಿದರು. ನಮ್ಮ ಔಷಧದಂಗಡಿಗೆ ಮಾತ್ರ ಬಾಗಿಲು ತೆರೆಯಲು ಅಪ್ಪಣೆಯಿದ್ದುದರಿಂದ, ಗುಳಿಗೆಯ ಚೀಟಿಯ ಜೊತೆಗೆ ಅಕ್ಕಿಯ ಚೀಟಿಯೂ ಅಲ್ಲಿಂದಲೇ ಹೊರಡುತ್ತಿತ್ತು.

ನಮಗೆ ವಯಸ್ಸಾಗುತ್ತಿದೆ. ಸಮಿತಿಯಲ್ಲಿ ಅರುವತ್ತರ ಕೆಳಗಿನವರು ಒಬ್ಬರೇ, ಕಾಲೇಜು ಮುಗಿಸಿದ ಒಬ್ಬ ಹುಡುಗಿ. ಈಗ ಶಾಲೆಗಳಲ್ಲಿ ಯಕ್ಷಗಾನ ಕಲಿಯುವ ಹೆಣ್ಣುಮಕ್ಕಳು ಎಷ್ಟೋ ಮಂದಿ. ಅವಳೂ ಹಾಗೆ ಕಲಿತು ಬಬ್ರುವಾಹನನಾಗಿ ಕುಣಿದವಳು. ನಾನು ಮೂರು ದಿನ ಕುಳಿತು ತುಂಬುತ್ತಿದ್ದ ನಮೂನೆಗಳನ್ನು ಒಂದು ಸಂಜೆಯಲ್ಲಿ ಫೋನಿನ ಮೇಲೆಯೇ ಮುಗಿಸಿ, ‘ಅಜ್ಜ, ಇನ್ನೇನಿದೆ?’ ಎನ್ನುತ್ತಾಳೆ. ಮದುವೆಯಾಗಿ ಪರಊರಿಗೆ ಹೋದರೆ ಏನು ಗತಿಯೆಂದು ಕಾರ್ಯದರ್ಶಿಗಳು ಈಗಿನಿಂದಲೇ ನಿಟ್ಟುಸಿರು ಬಿಡುತ್ತಾರೆ. ಫೋನು ಪರಊರಿನಲ್ಲಿಯೂ ನಡೆಯುತ್ತದೆಂದು ಅವಳ ಸಮಾಧಾನ.

ಈ ಸಲ ಅವಳು ನನ್ನ ಮುಂದಿಟ್ಟ ತೊಡಕು ಒಂದೇ. ವಿಮೆಯ ಅರ್ಜಿಯಲ್ಲಿ, ತನ್ನ ನಂತರ ಹಣ ಯಾರಿಗೆ ಸಲ್ಲಬೇಕೆಂದು ಬರೆಯುವ ಜಾಗವಿದೆ. ಮೇಳದ ಬಣ್ಣದ ವೇಷಧಾರಿಗಳೊಬ್ಬರು ಮದುವೆಯಾದವರಲ್ಲ, ಹತ್ತಿರದ ನೆಂಟರೂ ಇಲ್ಲ. ಬಹಳ ಯೋಚಿಸಿ, ಕೋಡಂಗಿಯ ವೇಷ ಕಟ್ಟಿ ಮೇಳಕ್ಕೆ ಸೇರಿದ ಒಬ್ಬ ಹುಡುಗನ ಹೆಸರನ್ನು ಹೇಳಿದ್ದಾರೆ. ಚೌಕಿಯಲ್ಲಿ ಅವರ ಪಕ್ಕದಲ್ಲಿಯೇ ಕುಳಿತು ಬಣ್ಣ ಬರೆಯಲು ಕಲಿತವನಂತೆ. ಹೆಸರನ್ನು ತುಂಬಿಯಾಗಿದೆ. ಅದರ ಮುಂದೆ ‘ಸಂಬಂಧ’ ಎಂಬ ಅಂಕಣವೊಂದು ಖಾಲಿಯಿದೆ. ಅಲ್ಲಿ ಏನೆಂದು ಬರೆದರೆ ನಡೆದೀತೆಂದು ಬ್ಯಾಂಕಿನಲ್ಲಿ ಕೇಳಿಕೊಂಡು ಬರುವ ಕೆಲಸ ನನ್ನ ಪಾಲಿಗೆ ಬಂದಿದೆ.