ಕಾಳ್ಯಾ ಮತ್ತು ಬಾಣ

ನಮ್ಮ ಊರು ಜತ್ತ ತಾಲೂಕಿನ ಮಾಡಗ್ಯಾಳ. ಇಲ್ಲಿಯ ಕುರಿಗಳು ಹೆಸರುವಾಸಿ. ಅವುಗಳ ಮೂಗು ಗಿಳಿಯ ಕೊಕ್ಕಿನಂತೆ ಬಾಗಿರುತ್ತದೆ. ಕುರಿ ಕಾಯಲು ನಮ್ಮ ಅಜ್ಜ ಎರಡು ನಾಯಿ ಸಾಕಿದ್ದಾರೆ. ನೋಡಲು ಎರಡೂ ಒಂದೇ ತರಹ: ಉದ್ದ ಕಾಲು, ಸಣ್ಣ ನಡು. ಗುಣ ಮಾತ್ರ ಬೇರೆ.

ಬಾಣ ಮುಧೋಳ ತಳಿಯದು. ಅಂಚೆ ಇಲಾಖೆ 2005ರಲ್ಲಿ ಈ ತಳಿಯ ಚಿತ್ರವಿರುವ ಅಂಚೆಚೀಟಿ ಹೊರಡಿಸಿತು. ದೂರದಲ್ಲಿ ಮೊಲ ಕಂಡರೆ ಸಾಕು, ಬಾಣ ಓಟ ಕೀಳುತ್ತದೆ. ಹೊಸಬರು ಮುಟ್ಟಿದರೆ ಅದಕ್ಕೆ ಸೇರದು.

ಕಾಳ್ಯಾ ಊರ ನಾಯಿ. ಅದು ಹಿಂಡು ಬಿಟ್ಟು ಕದಲದು. ತೋಳದ ಸುಳಿವು ಸಿಕ್ಕರೆ ಬೊಗಳಿ ಎಲ್ಲರನ್ನೂ ಎಬ್ಬಿಸುತ್ತದೆ. ಕುರಿಮರಿಗಳು ಮೈಮೇಲೆ ಏರಿದರೂ ಸುಮ್ಮನಿರುತ್ತದೆ.

ಸಾಂಗಲಿಯ ಕಾಕಾ ಒಮ್ಮೆ ಬಾಣನನ್ನು ಕೇಳಿದರು.

“ಅಲ್ಲಿ ಓಡಲು ಬಯಲು ಇದೆಯೇನಪ್ಪಾ?” ಎಂದರು ಅಜ್ಜ.

“ಇಲ್ಲ, ಬಾಗಿಲಲ್ಲಿ ಕಟ್ಟುತ್ತೇನೆ.”

“ಕಟ್ಟಿದರೆ ಅದು ಕೊರಗುತ್ತದೆ. ನಾಯಿಯನ್ನು ರೂಪ ನೋಡಿ ಅಲ್ಲ, ಗುಣ ನೋಡಿ ಸಾಕಬೇಕು.”

ಬಾಣ ನಮ್ಮಲ್ಲಿಯೇ ಉಳಿಯಿತು.