ಮೇಜು ಮರಳಿ ಬಂದದ್ದು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಅವರ ಕಾಲಕ್ಕೆ ಎಸ್ಸೆಸ್ಸೆಲ್ಸಿಯೂ ಇರಲಿಲ್ಲ, ಪಾಸ್‌ಪೋರ್ಟೂ ಇರಲಿಲ್ಲ. ಇದ್ದಿದ್ದರೆ 'ಹತ್ತನೇ ತರಗತಿಯ ಮಗಳನ್ನು ಎದುರಿಗೆ ಕೂರಿಸಿಕೊಂಡು ಪರದೇಶಕ್ಕೆ ಗಂಟುಮೂಟೆ ಕಟ್ಟಿ ನೋಡು' ಎಂದು ಮೂರನೆಯದನ್ನೂ ಸೇರಿಸುತ್ತಿದ್ದರೇನೋ.

ನಮ್ಮದು ಗಂಗಾವತಿ. ನನ್ನ ತವರು ಕುಷ್ಟಗಿ, ನಮ್ಮ ಅತ್ತೆಯವರ ತವರು ಯಲಬುರ್ಗಾ. ಇಬ್ಬರೂ ಮಳೆಯನ್ನು ನಂಬಿದ ಊರುಗಳಿಂದ ಕಾಲುವೆಯನ್ನು ನಂಬಿದ ಊರಿಗೆ ಬಂದ ಸೊಸೆಯಂದಿರು. 'ನೀರಿನ ಊರಿಗೆ ಕೊಟ್ಟೀವಿ, ಇನ್ನ ಚಿಂತಿಲ್ಲ' ಎಂದು ನನ್ನ ಅಪ್ಪ ಮದುವೆಯ ಹೊತ್ತಿನಲ್ಲಿ ಎಲ್ಲರೆದುರು ಹೇಳಿಕೊಂಡಿದ್ದರು. ಆದರೆ 2023ರಲ್ಲಿ ಆ ನೀರೇ ಕೈಕೊಟ್ಟಿತು. ತುಂಗಭದ್ರಾ ಜಲಾಶಯ ತುಂಬಲಿಲ್ಲ, ಎಡದಂಡೆ ಕಾಲುವೆಯ ರೈತರಿಗೆ ಎರಡನೆಯ ಬೆಳೆ ಕೈಗೆ ಹತ್ತಲಿಲ್ಲ. ಅದಕ್ಕೂ ಮುಂಚೆ ಜುಲೈ ತಿಂಗಳಲ್ಲೇ ಕೇಂದ್ರ ಸರಕಾರ ಬಾಸುಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ನಿಲ್ಲಿಸಿತ್ತು. ನಮ್ಮ ಮನೆಯವರು ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಅಕ್ಕಿ ದೇಶ ಬಿಟ್ಟು ಹೋಗುವ ಹಾಗಿರಲಿಲ್ಲ, ಅಕ್ಕಿಯ ಲೆಕ್ಕ ಬರೆಯುವವರು ಹೊರಟರು. ಬಂಧುಗಳೊಬ್ಬರು ಹುಡುಕಿಕೊಟ್ಟ ಕೆಲಸಕ್ಕೆ ದೀಪಾವಳಿ ಮುಗಿಸಿಕೊಂಡು ಮಸ್ಕತ್ತಿನ ವಿಮಾನ ಹತ್ತಿದರು.

ಆಗ ಮಗಳು ಹತ್ತನೇ ತರಗತಿ, ಮಗ ಆರನೇ ತರಗತಿ. ಜನವರಿಯ ಹೊತ್ತಿಗೆ ಅವರಿಂದ ಫೋನು ಬಂತು. ಮನೆ ಸಿಕ್ಕಿದೆ, ಕುಟುಂಬವನ್ನು ಕರೆಸಿಕೊಳ್ಳಬಹುದಂತೆ. 'ನೀನು ಸಣ್ಣಾವನ್ನ ಕರಕೊಂಡು ಈಗ ಬಂದುಬಿಡು. ಆಕಿ ಪರೀಕ್ಷಾ ಮುಗಿಯೂತನ ಅವ್ವನ ಕಡೆ ಇರಲಿ, ಆಮೇಲೆ ಬರತಾಳ' ಎಂದರು. ಒಬ್ಬರೇ ಅಡುಗೆ ಮಾಡಿಕೊಂಡು, ಒಬ್ಬರೇ ಉಂಡು ಬೇಸತ್ತಿದ್ದ ಧ್ವನಿ ಅದು. ಇಲ್ಲವೆನ್ನುವುದು ಹೇಗೆ?

ಮಗಳು ಪಕ್ಕದಲ್ಲೇ ನಿಂತು ಕೇಳಿಸಿಕೊಂಡಿದ್ದಳು. 'ನೀವ್ ಹೋಗ್ರಿ ಮಮ್ಮಿ, ನಾ ಅಜ್ಜಿ ಕೂಡ ಇರತೇನಿ' ಎಂದಳು ಥಟ್ಟನೆ. ಎಷ್ಟು ಥಟ್ಟನೆ ಎಂದರೆ, ಈ ಮಾತನ್ನು ಅವಳು ಮೊದಲೇ ಬಾಯಿಪಾಠ ಮಾಡಿಟ್ಟುಕೊಂಡಿದ್ದಳು ಎಂಬುದು ನನಗೆ ಗೊತ್ತಾಗಿಬಿಟ್ಟಿತು.

ಹಾಗಾದರೆ ಅವಳನ್ನೂ ಈಗಲೇ ಕರೆದುಕೊಂಡು ಹೋದರೆ ಹೇಗೆ ಎಂದು ಅವಳ ಶಾಲೆಯ ಗುರುಗಳನ್ನು ಕೇಳಿದೆ. ಅವರು ಕೂರಿಸಿ ಬಿಡಿಸಿ ಹೇಳಿದರು. ಅಲ್ಲಿಯ ಭಾರತೀಯ ಶಾಲೆಗಳು ಸಿಬಿಎಸ್‌ಇ ಪಠ್ಯದವು. ಆ ಮಂಡಳಿಯ ಹತ್ತನೆಯ ಪರೀಕ್ಷೆಗೆ ಒಂಬತ್ತರಲ್ಲೇ ಹೆಸರು ನೋಂದಾಯಿಸಿರಬೇಕು. ವರ್ಷದ ನಡುವೆ ಹೋದರೆ ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ. ಇನ್ನೊಂದು ಮಾತನ್ನೂ ಹೇಳಿದರು. ಮುಂದೆ ಇವಳು ಎಂಜಿನಿಯರಿಂಗಿಗೋ ಮತ್ತೊಂದಕ್ಕೋ ಕರ್ನಾಟಕದ ಸಿಇಟಿಗೆ ಕೂರಬೇಕೆಂದರೆ, ಒಂದರಿಂದ ಹನ್ನೆರಡರ ಒಳಗೆ ಏಳು ವರ್ಷ ರಾಜ್ಯದಲ್ಲಿ ಓದಿರಬೇಕು. ಅಲ್ಲದೆ ಎಸ್ಸೆಸ್ಸೆಲ್ಸಿ ಇಲ್ಲವೆ ಎರಡನೆಯ ಪಿಯುಸಿ, ಎರಡರಲ್ಲೊಂದನ್ನಾದರೂ ಇಲ್ಲಿಯೇ ಪಾಸು ಮಾಡಿರಬೇಕು. 'ತಂಗಿ, ಇಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿಕೊಂಡು ಹೋದರ ತಿರುಗಿ ಬರೂ ಬಾಗಿಲು ತೆರದಿರತೈತಿ' ಎಂದರು. ನಮ್ಮ ಭಾಗದವರಿಗೆ 371(ಜೆ) ಅಡಿ ಮೀಸಲು ಸೀಟುಗಳಿರುವುದರಿಂದ ಅದರ ಪ್ರಮಾಣಪತ್ರವನ್ನೂ ಹೋಗುವ ಮೊದಲೇ ಮಾಡಿಸಿಟ್ಟುಕೊಳ್ಳಿ ಎಂದು ಎಚ್ಚರಿಸಿದರು. ಪರದೇಶಕ್ಕೆ ಹೊರಟ ನನ್ನಂಥ ತಾಯಂದಿರು ಈ ಮಾತನ್ನು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳಬೇಕು.

ನಾನು ಉಳಿಯುವುದೆಂದು ತೀರ್ಮಾನಿಸಿದೆ. ಮನೆಯವರು ಎರಡು ದಿನ ಮಾತು ಕಡಿಮೆ ಮಾಡಿದರು, ಮೂರನೆಯ ದಿನ ಸರಿಹೋದರು. ಮಗಳಿಗಾಗಿ ನಾನು ದೊಡ್ಡ ತ್ಯಾಗ ಮಾಡಿದೆನೆಂದು ಒಳಗೊಳಗೇ ಬೀಗುತ್ತಿದ್ದೆ. ಆದರೆ ಉಳಿದುಕೊಂಡವಳು ಮಾಡಿದ್ದೇನು, ಕೇಳಿ.

ನಮ್ಮದು ಬಾಡಿಗೆ ಮನೆ. ಮೇ ತಿಂಗಳಿಗೆ ಖಾಲಿ ಮಾಡುತ್ತೇವೆಂದು ಮಾಲೀಕರಿಗೆ ಹೇಳಿಯಾಗಿತ್ತು. ಅತ್ತೆಯವರು ಯಲಬುರ್ಗಾದಲ್ಲಿರುವ ಮೈದುನನ ಮನೆಗೆ ಹೋಗುವುದೆಂದಾಗಿತ್ತು. ಕೊನೆಗೆ ಅವಸರವಾಗಬಾರದೆಂದು ನಾನು ಫೆಬ್ರವರಿಯಿಂದಲೇ ಒಂದೊಂದು ಸಾಮಾನು ವಿಲೇವಾರಿ ಮಾಡತೊಡಗಿದೆ. ಮೊದಲು ಶೋಕೇಸು ಹೋಯಿತು. ಅದರಲ್ಲಿದ್ದ ಕಿನ್ನಾಳದ ಗೊಂಬೆಗಳನ್ನು ಹಳೆಯ ಸೀರೆಯಲ್ಲಿ ಸುತ್ತಿ ರಟ್ಟಿನ ಪೆಟ್ಟಿಗೆಯಲ್ಲಿಟ್ಟೆ. ಆಮೇಲೆ ಎರಡನೆಯ ಮಂಚ, ರುಬ್ಬುವ ಕಲ್ಲು, ಗೋಡೆ ಗಡಿಯಾರ. ಮಗಳು ಓದುವ ಮೇಜನ್ನು ಎದುರು ಮನೆಯವರು ಮೆಚ್ಚಿದ್ದರು. ಅವರ ಮಗಳಿಗೆ ಮುಂದಿನ ವರ್ಷ ಹತ್ತನೆಯದು. 'ನೆಲದ ಮ್ಯಾಲೆ ಕುಂತು ಓದಿದರ ಏನಾಗತೈತಿ, ನಾವೆಲ್ಲಾ ಹಂಗ ಓದೀವಿ' ಎಂದು ಮೇಜನ್ನೂ ಕೊಟ್ಟುಬಿಟ್ಟೆ. ರಾತ್ರಿ ಒಂಬತ್ತೂವರೆಗೆ ಅವರ ಫೋನು ಬರುತ್ತಿತ್ತು. ಮಸ್ಕತ್ತಿನ ಗಡಿಯಾರ ನಮಗಿಂತ ಒಂದೂವರೆ ತಾಸು ಹಿಂದೆ. ಅಲ್ಲಿ ಅವರ ಊಟಕ್ಕೆ ಮುಂಚಿನ ಬಿಡುವು, ಇಲ್ಲಿ ಮಗಳು ಓದುವ ಹೊತ್ತು. ವೀಸಾ, ಟಿಕೇಟು, ಯಾವ ಪಾತ್ರೆ ತರಬೇಕು, ಯಾವುದು ಬೇಡ, ಎಲ್ಲ ಮಾತೂ ಅವಳ ಕಿವಿಯ ಮೇಲೇ.

ಪೂರ್ವಸಿದ್ಧತಾ ಪರೀಕ್ಷೆಯ ಅಂಕಗಳು ಬಂದವು. ಗಣಿತದ ಲಿಖಿತ ಪರೀಕ್ಷೆಯ 80ಕ್ಕೆ 31. ಯಾವಾಗಲೂ ಅರವತ್ತರ ಮೇಲೆ ತರುತ್ತಿದ್ದ ಹುಡುಗಿ. ನಾನು ಸಿಟ್ಟಿನಿಂದ ಕುದಿದುಹೋದೆ. 'ನಿನ್ನ ಸಲುವಾಗಿ ಇಲ್ಲಿ ಕುಂತೀನಿ, ನಿಮ್ಮಪ್ಪ ಅಲ್ಲಿ ಒಬ್ಬಾರ ಒದ್ದಾಡಾಕ ಹತ್ಯಾರ' ಎಂದು ಆಡಬಾರದ ಮಾತೆಲ್ಲ ಆಡಿದೆ. ಅವಳು ತಲೆ ತಗ್ಗಿಸಿ ಕೂತಿದ್ದಳು. ರಾತ್ರಿ ದೀಪ ಆರಿಸಿದ ಮೇಲೆ, ಅಜ್ಜಿಯ ಪಕ್ಕ ಮಲಗಿದವಳು ಕತ್ತಲಲ್ಲಿ ಹೇಳಿದಳು: 'ಮಮ್ಮಿ, ದಿನಾ ಸಾಲಿಯಿಂದ ಬರೂದ್ರಾಗ ಮನ್ಯಾಗ ಒಂದೊಂದು ಇರಂಗಿಲ್ಲ. ಇವತ್ತ ಏನು ಹೋಗಿರತೈತಿ ಅಂತ ಬರೀ ಅದ ತಲಿಯಾಗ ಇರತೈತಿ.'

ನಾನು ಮಾತಾಡಲಿಲ್ಲ. ಅತ್ತೆಯವರು ಮಾತಾಡಿದರು. 'ಖರೇ ಐತಿ ನೋಡವ್ವ. ನನಗೂ ಹಂಗ ಆಗೈತಿ' ಎಂದರು. ಎಪ್ಪತ್ತು ದಾಟಿದ ಜೀವವೂ ಹದಿನಾರರ ಜೀವವೂ ಒಂದೇ ಮನೆಯಲ್ಲಿ ಒಂದೇ ಸಂಕಟವನ್ನು ನುಂಗಿಕೊಂಡಿದ್ದವು. ನಡುವೆ ನಾನೊಬ್ಬಳು ಪಟ್ಟಿ ಹಿಡಿದುಕೊಂಡು ಸಾಮಾನು ಎಣಿಸುತ್ತಿದ್ದೆ.

ಮರುದಿನ ಬೆಳಿಗ್ಗೆ ಎದುರು ಮನೆಗೆ ಹೋದೆ. ಕೊಟ್ಟ ವಸ್ತುವನ್ನು ಮರಳಿ ಕೇಳುವುದಕ್ಕಿಂತ ದೊಡ್ಡ ನಾಚಿಕೆ ಹೆಣ್ಣುಮಕ್ಕಳಿಗೆ ಯಾವುದಿದೆ? 'ವೈನಿ, ಮೇಜು ಎರಡು ತಿಂಗಳ ಮಟ್ಟಿಗೆ ವಾಪಸ್ ಕೊಡ್ರಿ, ರೊಕ್ಕ ಈಗ ತಗೋರಿ' ಎಂದೆ. ಆ ತಾಯಿ ರೊಕ್ಕ ಮುಟ್ಟಲಿಲ್ಲ. 'ರೊಕ್ಕ ಇಟ್ಕೋರಿ, ಪರೀಕ್ಷಾ ಮುಗದ ಮ್ಯಾಲೆ ಮೇಜು ಕೊಡೋರಂತ' ಎಂದು ಮಗನ ಕೈಯಲ್ಲಿ ಹೊರಿಸಿ ಕಳಿಸಿದರು. ಗಡಿಯಾರವನ್ನು ನಾನೇ ಹೊಸದು ತಂದೆ. ಗೊಂಬೆಗಳನ್ನು ಪೆಟ್ಟಿಗೆಯಿಂದ ತೆಗೆದು ಮಾಡದಲ್ಲಿ ಇಟ್ಟೆ. ಮನೆಯವರಿಗೆ ಹೇಳಿ ಫೋನಿನ ಹೊತ್ತನ್ನು ಬೆಳಗಿನ ಏಳಕ್ಕೆ ಬದಲಾಯಿಸಿದೆ. ಅವರು ಐದೂವರೆಗೆ ಎದ್ದು ಮಾತಾಡಿದರು. ವೀಸಾದ ಮಾತು ಮಕ್ಕಳು ಶಾಲೆಗೆ ಹೋದ ಮೇಲಷ್ಟೇ. ಮಾರ್ಚ್ ಪೂರ್ತಿ ನಮ್ಮ ಮನೆಯಿಂದ ಒಂದು ಚಮಚವೂ ಹೊರಗೆ ಹೋಗಲಿಲ್ಲ.

ಆ ವರ್ಷ ಪರೀಕ್ಷೆಯ ರೀತಿಯೂ ಬದಲಾಗಿತ್ತು. 2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆ ಮಾಡಿದ್ದರು. ಅಂಕ ಕಡಿಮೆ ಬಿದ್ದವರು ಎರಡನೆಯದಕ್ಕೆ, ಮೂರನೆಯದಕ್ಕೆ ಕೂರಬಹುದಿತ್ತು. ಊರೆಲ್ಲ ನಿಶ್ಚಿಂತೆಯಾಗಿತ್ತು. ನಮಗೆ ಮಾತ್ರ ಆ ಎರಡನೆಯ ಅವಕಾಶ ಸಮುದ್ರದ ಈಚೆ ದಡದಲ್ಲಿತ್ತು. ಜೂನಿನ ಹೊತ್ತಿಗೆ ನಾವು ಆಚೆ ದಡದಲ್ಲಿರುತ್ತಿದ್ದೆವು. ಕೊಠಡಿಗಳಿಗೆ ಕ್ಯಾಮೆರಾ ಹಾಕಿ ನಿಗಾ ಇಟ್ಟದ್ದೂ ಆ ವರ್ಷವೇ. ಮೊದಲ ದಿನ, ಮಾರ್ಚ್ 25, ಕನ್ನಡ ಪತ್ರಿಕೆ. ಅಂದೇ ಹೋಳಿ. ಬಣ್ಣ ಬಳಿದುಕೊಂಡ ಹುಡುಗರು ಓಣಿಯ ತುದಿಯಲ್ಲಿ ಹಲಗೆ ಬಾರಿಸುತ್ತಿದ್ದರು. ನನ್ನ ಮಗಳು ಬಿಳಿ ಸಮವಸ್ತ್ರಕ್ಕೆ ಒಂದು ಹನಿ ಬಣ್ಣ ಸಿಡಿಯದಂತೆ ಅಜ್ಜಿಯ ಸೆರಗಿನ ಮರೆಯಲ್ಲಿ ನಡೆದುಹೋದಳು. ನಾವು ಸೇರಿಸಲಿದ್ದ ಶಾಲೆಯಲ್ಲಿ ಕನ್ನಡ ವಿಷಯವಿರಲಿಲ್ಲ. ಅವಳು ಕನ್ನಡದಲ್ಲಿ ಬರೆಯುವ ಕೊನೆಯ ಪರೀಕ್ಷೆ ಅದು ಎಂದು ನನಗೆ ಹೊಳೆದದ್ದು ಅವಳು ತಿರುವಿನಲ್ಲಿ ಮರೆಯಾದ ಮೇಲೆ.

ಏಪ್ರಿಲ್ 6ಕ್ಕೆ ಪರೀಕ್ಷೆ ಮುಗಿಯಿತು. ಮಾರನೆಯ ದಿನ ಮಗಳೇ ಪೆಟ್ಟಿಗೆ ತಂದು ನನ್ನ ಎದುರು ಇಟ್ಟಳು. 'ಈಗ ಕಟ್ಟೋಣು ಬಾ' ಎಂದಳು. ಏನು ಒಯ್ಯಬೇಕು, ಯಾರಿಗೆ ಏನು ಕೊಡಬೇಕು, ಎಲ್ಲದರಲ್ಲೂ ಅವಳ ಮಾತೇ ನಡೆಯಿತು. ತಾನೇ ಕೊಟ್ಟದ್ದಕ್ಕೆ ಅವಳು ಅಳಲಿಲ್ಲ. ವರ್ಗಾವಣೆ ಪತ್ರಕ್ಕೆ ಶಿಕ್ಷಣಾಧಿಕಾರಿಗಳ ಮೇಲುರುಜು, ಅದರ ಮೇಲೆ ವಿದೇಶಾಂಗ ಇಲಾಖೆಯ ಮುದ್ರೆ, ಈ ಓಡಾಟದಲ್ಲೂ ನನ್ನ ಜೊತೆಗಿದ್ದಳು.

ಮೇ 9ರಂದು ಫಲಿತಾಂಶ. ಇಡೀ ರಾಜ್ಯದಲ್ಲೇ ತೇರ್ಗಡೆ ಇಳಿದ ವರ್ಷ ಅದು. ಶೇಕಡಾ 73ರ ಆಸುಪಾಸು, ಅದೂ ಕೃಪಾಂಕ ಸೇರಿಸಿ. ನನ್ನ ಮಗಳಿಗೆ 625ಕ್ಕೆ 518. ಗಣಿತದಲ್ಲಿ 72. ಮೊದಲಿನ ಹಾಗೆ ಓದಿದ್ದರೆ ಇನ್ನೂ ಬರುತ್ತಿತ್ತು. ಕಳೆದುಹೋದ ಅಂಕಗಳ ಲೆಕ್ಕದಲ್ಲಿ ನನ್ನ ಪಾಲೆಷ್ಟು ಎಂಬುದು ನನಗೆ ಗೊತ್ತು. ಅವಳು ಮಾತ್ರ ಇದುವರೆಗೆ ಒಮ್ಮೆಯೂ ಅದನ್ನು ಎತ್ತಿ ಆಡಿಲ್ಲ.

ಹೊರಡುವ ಹಿಂದಿನ ಸಂಜೆ ಮೇಜನ್ನು ನಾವಿಬ್ಬರೂ ಆ ಕಡೆ ಒಂದು ಕೈ, ಈ ಕಡೆ ಒಂದು ಕೈ ಹಿಡಿದು ಎದುರು ಮನೆಗೆ ಒಯ್ದು ಇಟ್ಟುಬಂದೆವು. ಅತ್ತೆಯವರನ್ನು ಅಂದು ಬೆಳಿಗ್ಗೆಯೇ ಯಲಬುರ್ಗಾದ ಬಸ್ಸಿಗೆ ಕೂರಿಸಿದ್ದೆವು. ಹೋಗುವಾಗ ಅವರು ಮೊಮ್ಮಗಳಿಗೆ ಓದಿನ ಮಾತು ಹೇಳಲಿಲ್ಲ. 'ಅಲ್ಲಿ ಮನಿ ಕಟ್ಟಿಕೊಂಡ ಮ್ಯಾಲೆ ನಿಮ್ಮವ್ವಗ ಒಂದೊಂದ ಸಾಮಾನು ಮಾರಾಕ ಕೊಡಬ್ಯಾಡ' ಎಂದು ನನ್ನ ಕಡೆ ನೋಡಿ ನಕ್ಕರು. ನಾನೂ ನಕ್ಕೆ. ಕಣ್ಣು ತುಂಬಿದ್ದನ್ನು ಬಸ್ಸಿನ ಧೂಳಿನ ಮೇಲೆ ಹಾಕಿದೆ.

ಮುಂದಿನ ವರ್ಷ ಆ ಮೇಜಿನ ಮೇಲೆ ಎದುರು ಮನೆಯ ಹುಡುಗಿ ಹತ್ತನೆಯದನ್ನು ಓದಿದಳು. ಮೇಜಿನ ಖಾನೆಯ ಒಳಗೋಡೆಗೆ ನನ್ನ ಮಗಳು ಪೆನ್ಸಿಲ್ಲಿನಲ್ಲಿ ಗಣಿತದ ಸೂತ್ರಗಳನ್ನು ಬರೆದಿಟ್ಟಿದ್ದಳಂತೆ. 'ಅಳಿಸಲಿಲ್ಲರೀ ವೈನಿ, ಹಂಗ ಬಿಟ್ಟೀವಿ' ಎಂದು ಆ ತಾಯಿ ಫೋನಿನಲ್ಲಿ ಹೇಳಿದರು.