ಸೊನ್ನೆ ಕಿಲೋಗೆ ನೂರು ರೂಪಾಯಿ ಸಾಲ

ಜನವರಿಯ ಸಂಜೆ, ಗೋಣಿಕೊಪ್ಪದ ಆಚೆಯ ಒಂದು ರೋಬಸ್ಟಾ ತೋಟದ ಕಣ. ಹಣ್ಣಿನ ಚೀಲಗಳು ಒಂದೊಂದಾಗಿ ತಕ್ಕಡಿ ಏರುತ್ತಿವೆ. ಮೇಸ್ತ್ರಿ ಕಿಲೋ ಕೂಗುತ್ತಾನೆ, ರೈಟರ್ ಪುಸ್ತಕಕ್ಕೆ ಇಳಿಸುತ್ತಾರೆ. ನೀವು ಜಗಲಿಯಲ್ಲಿ ಅವರ ಮಗಳ ಪಕ್ಕ ಕುಳಿತಿದ್ದೀರಿ. ಅವಳದು ಮೊದಲ ವರ್ಷದ ಎಂಜಿನಿಯರಿಂಗ್. ವಿಟಿಯು ಗಣಿತದಲ್ಲಿ ಈಗ ಪೈಥಾನ್ ಲ್ಯಾಬ್ ಕೂಡ ಸೇರಿದೆ. ಪಠ್ಯದ ವಕ್ರರೇಖೆಗಳನ್ನು ಬದಿಗಿಟ್ಟು ಅವಳು ಕುಯ್ಲಿನ ಕೂಲಿಯನ್ನೇ ಹಿಡಿದಿದ್ದಾಳೆ. ಲೆಕ್ಕ ಸುಲಭವಾಗಲೆಂದು ತಾನೇ ಇಟ್ಟುಕೊಂಡ ದರ: 50 ಕಿಲೋವರೆಗೆ ಕಿಲೋಗೆ 6 ರೂಪಾಯಿ, ಅದರಾಚೆಗಿನ ಪ್ರತಿ ಕಿಲೋಗೆ 8.

'ಇಫ್' ಹಾಕಿ 'ಕೂಲಿ' ಎಂಬ ಫಂಕ್ಷನ್ ಬರೆಯುತ್ತಾಳೆ. ಹೆಸರು ಕನ್ನಡ ಅಕ್ಷರದಲ್ಲೇ. ಪೈಥಾನ್ 3 ಅದಕ್ಕೆ ತಕರಾರು ಮಾಡುವುದಿಲ್ಲ. ಆಮೇಲೆ ಪ್ಲಾಟ್(ಕೂಲಿ(ಎಕ್ಸ್), (ಎಕ್ಸ್, 0, 100)). ಪೈಥಾನಿನಲ್ಲಿ ಬೀಜಗಣಿತ ಮಾಡುವ ಸಿಂಪೈ ಕೆಂಪು ಸಾಲು ಕಾರುತ್ತದೆ: ಈ ಹೋಲಿಕೆ ನಿಜವೋ ಸುಳ್ಳೋ ತೀರ್ಮಾನಿಸಲಾಗದು.

ಅವಳು ಸೇಜ್ ಎಂಬ ಇನ್ನೊಂದು ಗಣಿತ ತಂತ್ರಾಂಶ ತೆರೆದು ಅದನ್ನೇ ಒತ್ತುತ್ತಾಳೆ. ಬೈಗುಳವಿಲ್ಲ, ಅಚ್ಚುಕಟ್ಟಾದ ಗೆರೆ ಬರುತ್ತದೆ. ಖುಷಿಯಿಂದ ಅಪ್ಪನನ್ನು ಕರೆಯುತ್ತಾಳೆ. ರೈಟರ್ ಕನ್ನಡಕ ಏರಿಸಿ ನೋಡುತ್ತಾರೆ.

"ಇದೇನು ಮಗಳೇ, ಸೊನ್ನೆಯ ಕೆಳಗಿಂದ ಹೊರಟಿದೆ? ಒಂದು ಹಣ್ಣೂ ಕುಯ್ಯದವರು ನಮಗೇ ನೂರು ರೂಪಾಯಿ ಕೊಡ್ಬೇಕಾ?"

ನೀವೂ ಬಗ್ಗಿ ನೋಡುತ್ತೀರಿ. ಹೌದು, ಗೆರೆ ಹೊರಡುವುದೇ ಮೈನಸ್ 100ರಿಂದ. 50ರಲ್ಲಿ ಇರಬೇಕಾದ ಮುರಿವೂ ಇಲ್ಲ.

ಆಗಿದ್ದು ಇಷ್ಟು. ಪ್ಲಾಟ್‌ಗೆ ಕೊಟ್ಟದ್ದು ಪ್ಲಾಟ್‌ನ ಕೈ ಸೇರುವ ಮೊದಲೇ ಪೈಥಾನ್ ಆವರಣದೊಳಗಿನದನ್ನು ಬಿಡಿಸಿ ಮುಗಿಸುತ್ತದೆ. ಆ ಹೊತ್ತಿಗೆ ಎಕ್ಸ್ ಬರೀ ಅಕ್ಷರ, ಅದರ ಹಿಂದೆ ಸಂಖ್ಯೆಯಿಲ್ಲ. ಎಕ್ಸ್ 50ಕ್ಕಿಂತ ಹೆಚ್ಚೋ ಕಡಿಮೆಯೋ ಎಂದರೆ ಏನು ಹೇಳಬೇಕು? ಸಿಂಪೈ ಆಗದು ಎಂದು ಕೈಚೆಲ್ಲುತ್ತದೆ. ಸೇಜ್ ಮಾತ್ರ ತೀರ್ಮಾನಿಸಲಾಗದ್ದನ್ನು ಸುಳ್ಳೆಂದೇ ಎಣಿಸಿ 'ಎಲ್ಸ್' ದಾರಿ ಹಿಡಿಯುತ್ತದೆ. ಅಲ್ಲಿರುವುದು 300 + 8(ಎಕ್ಸ್ − 50), ಬಿಡಿಸಿದರೆ 8ಎಕ್ಸ್ − 100. ಪ್ಲಾಟ್‌ಗೆ ಸಿಕ್ಕಿದ್ದು ಅದೊಂದೇ. ಷರತ್ತು ಇತ್ತೆಂಬ ಸುದ್ದಿಯೇ ಅದಕ್ಕೆ ಮುಟ್ಟಿಲ್ಲ. ನನ್ನನ್ನು ಕೇಳಿದರೆ, ಬೈದು ನಿಲ್ಲಿಸುವ ಸಿಂಪೈಯೇ ವಾಸಿ.

ಅವಳು ಆವರಣವನ್ನೂ ಎಕ್ಸನ್ನೂ ಅಳಿಸಿ ಪ್ಲಾಟ್(ಕೂಲಿ, (0, 100)) ಎನ್ನುತ್ತಾಳೆ. ಈಗ ಹೋಗುವುದು ಬಿಡಿಸಿಟ್ಟ ಉತ್ತರವಲ್ಲ, ಫಂಕ್ಷನ್ನೇ. ಪ್ಲಾಟ್ ತಾನೇ ಸಂಖ್ಯೆಗಳನ್ನು ತುಂಬಿ ಕೇಳುತ್ತದೆ. ಗೆರೆ ಸೊನ್ನೆಯಿಂದ ಎದ್ದು, 50ರಲ್ಲಿ ಮುರಿದು, 700ಕ್ಕೆ ಏರುತ್ತದೆ.

ಯಾವಾಗ ಬಿಡಿಸಬೇಕೆಂಬ ಈ ತಗಾದೆ ಹಳೆಯದು. ಮ್ಯಾಕ್ಸಿಮಾ ಎಂಬ ತಂತ್ರಾಂಶದ ಪೂರ್ವಜ, 1968ರಲ್ಲಿ ಎಂಐಟಿಯಲ್ಲಿ ಶುರುವಾದ ಮ್ಯಾಕ್‌ಸಿಮಾ. ಅದು ಲಿಸ್ಪ್ ಭಾಷೆಯಲ್ಲಿ ಹುಟ್ಟಿದ್ದರಿಂದ 'ಇದನ್ನು ಈಗಲೇ ಬಿಡಿಸಬೇಡ' ಎನ್ನಲು ಒಂದು ಒಂಟಿ ಉದ್ಧರಣ ಚಿಹ್ನೆ ಲಿಸ್ಪ್‌ನಿಂದಲೇ ಬಂತು. ಮೇಪಲ್ ಎಂಬ ತಂತ್ರಾಂಶದಲ್ಲೂ ಅದೇ ಚಿಹ್ನೆಯ ಜೋಡಿ ಕೆಲಸ ಮಾಡುತ್ತದೆ. 1988ರ ಮ್ಯಾಥಮ್ಯಾಟಿಕಾ ತದ್ವಿರುದ್ಧ: ಅದರ ಪ್ಲಾಟ್ ಕೊಟ್ಟದ್ದನ್ನು ಬಿಡಿಸದೆ ಹಾಗೇ ಹಿಡಿದಿಟ್ಟು, ಎಕ್ಸ್‌ಗೆ ಸಂಖ್ಯೆ ಕಟ್ಟಿದ ಮೇಲೆಯೇ ಬಿಡಿಸುತ್ತದೆ. ಅಲ್ಲಿ ಪೇಚು ಬೇರೆ. ಪ್ಲಾಟ್‌ನೊಳಗೆ ಅವಕಲನ ಬರೆದರೆ, ಎಕ್ಸ್ ಇದ್ದಲ್ಲಿ ಸಂಖ್ಯೆ ಬಂದು ಕೂತು, ಇದು ಚರಾಕ್ಷರವೇ ಅಲ್ಲ ಎಂಬ ದೂರು ಬರುತ್ತದೆ. 'ಇವ್ಯಾಲ್ಯುಯೇಟ್' ಎಂದು ಸುತ್ತಿ, ಮೊದಲೇ ಬಿಡಿಸು ಎನ್ನಬೇಕು.

ಕಣದಲ್ಲಿ ಕೊನೆಯ ಚೀಲ ಇಳಿಯುತ್ತದೆ. ಅವಳಿಗೆ ಈಗ ಗೆರೆಯ ಇಳಿಜಾರು ಬೇಕು. ಪೈಥಾನ್ ಫಂಕ್ಷನ್ನಿನ ಒಳಗೆ ಅವಕಲಿಸಲು ಬೀಜಗಣಿತವೇನೂ ಕಾಣದು. ಹಾಗಾಗಿ ಸಿಂಪೈಗೆ ಮರಳಿ, ಷರತ್ತನ್ನೂ ಸೇರಿಸಿಕೊಂಡ 'ಪೀಸ್‌ವೈಸ್' ಆಗಿ ಕೂಲಿಯನ್ನು ಮತ್ತೆ ಬರೆಯುತ್ತಾಳೆ. ಅದನ್ನು ಅವಕಲಿಸಿದರೆ ಉತ್ತರ ಎರಡು ತುಂಡಾಗಿ ಬರುತ್ತದೆ: 50ರವರೆಗೆ 6, ಆಮೇಲೆ 8.

"ಸರಿ ಇದೆ," ಎನ್ನುತ್ತಾರೆ ರೈಟರ್. "ಭಾನುವಾರದ ದರ ಬೇರೆ. ಅದನ್ನೂ ಹಾಕು."